ಕಡಲ ವಿಜ್ಞಾನಿಯ ಹೊಟ್ಟೆ

ವಿಜಯಪುರದ ನೀಲಗಂಗಾ, ಏಡಿಗಳ ಮೇಲೆ ಪಿಎಚ್‌ಡಿ ಮಾಡಿದ್ದಳು, ಅದೂ ಪ್ರಯೋಗಾಲಯದ ತೊಟ್ಟಿಯಲ್ಲಿ ಸಾಕಿದ ಏಡಿಗಳ ಮೇಲೆ. ಸಂಶೋಧನಾ ಹಡಗಿನ ಕೆಲಸಕ್ಕೆ ಸಂದರ್ಶನ ಮಾಡಿದ ಡಾ. ತಾಂಡೇಲರು ಗಡಸು ದನಿಯಲ್ಲಿ ಕೇಳಿದರು.

"ಕಡಲಲ್ಲಿ ವಾಂತಿ ಆಗುತ್ತಾ?"

"ಇಲ್ರೀ ಸರ್, ಒಂದ್ ಸಲಾನೂ ಆಗಿಲ್ಲ."

ಅವಳು ಒಂದು ಸಲವೂ ದೋಣಿ ಹತ್ತಿರಲಿಲ್ಲ.

"ಸರಿ, ನಾಳೆ ನಮ್ಮ ಜೊತೆ ಹಡಗು ಹತ್ತಿ. ನೋಡಿಕೊಂಡೇ ಆರ್ಡರ್ ಕೊಡ್ತೇನೆ."

ಮರುದಿನ ದಡ ಇನ್ನೂ ಕಾಣುತ್ತಿದ್ದಾಗಲೇ ಬೆಳಿಗ್ಗೆ ತಿಂದ ಇಡ್ಲಿ ಗಂಟಲಿಗೆ ಬಂತು. ನೀಲಗಂಗಾ ತುಟಿ ಬಿಗಿದುಕೊಂಡು, ನೀರಿನ ಮಾದರಿಯ ಬಾಟಲಿಗಳನ್ನು ಜೋಡಿಸುವವಳಂತೆ ನಟಿಸಿದಳು.

"ಆರಾಮಿದ್ದೀರಾ?" ಎಂದರು ತಾಂಡೇಲರು.

ಬಾಯಿ ತೆರೆಯುವ ಧೈರ್ಯವಾಗದೆ ಅವಳು ಬರೀ ತಲೆಯಾಡಿಸಿದಳು.

ಆಗ ದೊಡ್ಡದೊಂದು ಅಲೆಗೆ ಹಡಗು ಎದ್ದು ಬಿತ್ತು. ನೀಲಗಂಗಾ ಓಡಿಹೋಗಿ ಕಂಬಿ ಹಿಡಿದು ಬಾಗಿದಳು. ಇಡ್ಲಿಯೆಲ್ಲ ಅರಬ್ಬೀ ಸಮುದ್ರದ ಪಾಲಾಯಿತು. ಬೆನ್ನ ಹಿಂದೆ ತಾಂಡೇಲರ ಬೂಟಿನ ಸದ್ದು ಕೇಳಿತು.

"ತಪ್ಪಾತ್ರೀ ಸರ್, ಸುಳ್ಳು ಹೇಳಿದ್ದೆ," ಎಂದು ಅವಳು ಅಳುತ್ತಾ ಹೇಳಿದಳು. "ನನ್ನ ನೌಕರಿ ಹೋತಲ್ರೀ?"

"ಇಲ್ಲ ತಾಯಿ, ನೌಕರಿ ನಿಮಗೇ," ಎಂದರು ತಾಂಡೇಲರು ಅವಸರ ಅವಸರವಾಗಿ. "ಬೇಗ ಆಚೆ ಸರೀರಿ, ನಾನು ಕೆಲಸಕ್ಕೆ ಸೇರಿದಾಗಿನಿಂದ ಆ ಜಾಗ ನನ್ನದು!"