ಅಮೀರ್ ಬಿಯ ಎಡಗೈ

"ದುಡಿಯೋಕೆ ಕೈಲಾಗದವಳು ಅಂತ ಬರೆದಿದೀನಿ. ಹೆಬ್ಬೆಟ್ಟು ಒತ್ತಮ್ಮ, ಪರಿಹಾರ ಬರ್ತದೆ." ಮಧುಗಿರಿ ತಾಲ್ಲೂಕು ಕಚೇರಿಯ ಗುಮಾಸ್ತ ಗಂಗಹನುಮಯ್ಯನವರು ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಬಳೆ ಮಾರುವ ಅಮೀರ್ ಬಿ ಅದನ್ನು ಮುಟ್ಟಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಜ್ವರಕ್ಕೆ ಚುಚ್ಚಿದ ಸೂಜಿ ನರಕ್ಕೆ ತಗುಲಿ, ಅವಳ ಬಲಗೈ ವರ್ಷದಿಂದ ಮಡಿಲಲ್ಲೇ ಬಿದ್ದಿತ್ತು.

"ಕೈ ಹೋಯ್ತು ಅಂತ ಬರೀರಿ ಸ್ವಾಮಿ. ಕೈಲಾಗದವಳು ಅಂತ ಯಾಕೆ?"

"ಅಂಗೆ ಬರೆದ್ರೇನೇ ದುಡ್ಡು ಕಣಮ್ಮ. ಬಲಗೈ ಇಲ್ದೆ ಬಳೆ ಹೆಂಗೆ ತೊಡಿಸ್ತೀಯ?"

ಅಮೀರ್ ಬಿ ಬುಟ್ಟಿಯಿಂದ ಅರ್ಧ ಡಜನ್ ಹಸಿರು ಬಳೆ ತೆಗೆದು, ಸಾಕ್ಷಿ ಹೇಳಲು ಬಂದಿದ್ದ ನರ್ಸಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ಆ ಸೂಜಿ ಚುಚ್ಚಿದ್ದವಳು ಅವಳೇ. "ಕೈ ಕೊಡವ್ವ, ಹೆದರಬ್ಯಾಡ." ನರ್ಸಮ್ಮನ ಬೆರಳ ತುದಿಗಳನ್ನು ತನ್ನ ಮೊಣಕಾಲುಗಳ ನಡುವೆ ಹಿಡಿದು, ಎಡಗೈಯಿಂದಲೇ ಗೆಣ್ಣು ಒತ್ತಿ ಒತ್ತಿ, ಆರೂ ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ.

"ಈಗ ಬರೀರಿ. ಸೂಜಿ ತಪ್ಪಿ ಕೈ ಹೋಯ್ತು, ಕಸುಬು ಹೋಗಿಲ್ಲ. ಅದಕ್ಕೆ ಪರಿಹಾರ ಕೊಟ್ರೆ ಕೊಡ್ಲಿ, ಇಲ್ದಿದ್ರೆ ಬುಡ್ಲಿ."

ಗುಮಾಸ್ತರು ಬರೆದದ್ದನ್ನು ಹರಿದುಹಾಕಿ, ಹೊಸ ಹಾಳೆ ತೆಗೆದು, ಅವಳು ಹೇಳಿದಂತೆಯೇ ಬರೆಯತೊಡಗಿದರು. ಅಮೀರ್ ಬಿ ಎಡಗೈಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ನೆಟ್ಟಗೆ ಕುಳಿತಳು.