ಅಚ್ಚಿಲ್ಲದ ಅಂಗಿಗಳು

ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ತಂಗಿಯ ಮಗ ತಿಪ್ಪೇಶ ತೀರಿಕೊಂಡನೆಂದು ತಿಳಿದ ದಿನ, ಚಿತ್ರಲಿಂಗಪ್ಪ ಹೊಸದುರ್ಗದ ತನ್ನ ಟೀಶರ್ಟ್ ಪ್ರಿಂಟಿಂಗ್ ಅಂಗಡಿಯ ಬಾಗಿಲು ಹಾಕುತ್ತಿದ್ದಾಗಲೇ ಕ್ವಾರಿಯ ಮಾಲೀಕ ಬಂದ. ಬಂಡೆ ಬಿರಿದಿದೆ ಎಂದು ಎಚ್ಚರಿಸಿದ ತಿಪ್ಪೇಶನನ್ನು ಬೈದು ಅದರ ಕೆಳಗೇ ಕೆಲಸಕ್ಕಿಳಿಸಿದವನು ಇವನೇ.

“ನಾಳೆ ಮಣ್ಣಿಗೆ ಐವತ್ತು ಟೀಶರ್ಟ್ ಬೇಕಪ್ಪ. ಹುಡುಗನ ಫೋಟೊ, ಕೆಳಗೆ ನಮ್ಮ ಕ್ವಾರಿ ಹೆಸರು, ದಪ್ಪಕ್ಷರದಾಗೆ.”

“ಪ್ಲೇನ್ ಮಾಲು ಇಲ್ಲ.”

“ಏನಪ್ಪ, ಕಪಾಟು ತುಂಬ ಐತಲ್ಲ!”

“ಅವು ಅವನಿಗೆ ಹೆಗಲು ಕೊಡೋರಿಗೆ. ಹಂಗೇ ಬೆಳ್ಳಗೆ ಹಾಕ್ಕಂತಾರೆ. ನಿನ್ನ ಹೆಸರು ಒಂದ್ರ ಮ್ಯಾಲೂ ಬೀಳಲ್ಲ.”

ಚಿತ್ರಲಿಂಗಪ್ಪ ಮಾಲೀಕನ ಕಣ್ಣೆದುರೇ ಕಪಾಟಿನ ಅಂಗಿಗಳ ಕಟ್ಟು ಬಿಚ್ಚಿ, ಸುದ್ದಿ ತಂದು ಬೀದಿಯಲ್ಲಿ ನಿಂತಿದ್ದ ಕ್ವಾರಿಯ ಆಳುಗಳಿಗೆ ಒಂದೊಂದೇ ಅಂಗಿ ಹಂಚಿದ. ಧಣಿಯ ಮುಖ ನೋಡದೆ ಅವರು ಅಲ್ಲೇ ತೊಟ್ಟರು. ಚಿತ್ರಲಿಂಗಪ್ಪ ಕೈಮುಗಿದ.

“ಶಿವನೇ, ನನ್ನ ತಿಪ್ಪೇಶನಿಗೆ ಶಾಂತಿ ಕೊಡು. ಈ ಮನುಷ್ಯನ ಪಾಲಿನ ಶಾಂತಿನೂ ಅವನಿಗೇ ಕೊಡು.”