ತಿರುಗುವ ದಿಕ್ಕು

"ನಿನ್ನ ಚಾಳಿ ನಾನು ಯಾರಿಗೂ ಹೇಳಲ್ಲ, ನನ್ನದು ನೀನೂ ಹೇಳಬೇಡ" ಎಂದು ಹತ್ತು ವರ್ಷಗಳ ಹಿಂದೆ ಬೇರೊಂದು ದೇಶದ ಪೈಲಟ್ ಗೆಳೆಯ ನನಗೆ ಮಾತು ಕೊಟ್ಟಿದ್ದ. ನಾನೂ ಕೊಟ್ಟೆ. ಅವರ ವಾಯುಪಡೆಯ ಜೊತೆ ತರಬೇತಿಗೆಂದು ಆಗ ನನ್ನನ್ನು ಕಳಿಸಿದ್ದರು. ಹಿಂದಿನಿಂದ ಯಾರಾದರೂ ಬೆನ್ನಟ್ಟಿದರೆ ಪ್ರತಿ ಸಲವೂ ಒಂದೇ ಕಡೆಗೆ ವಿಮಾನ ತಿರುಗಿಸುವುದು ನಮ್ಮಿಬ್ಬರಿಗೂ ಅಂಟಿಕೊಂಡಿದ್ದ ಚಾಳಿ.

ಈಗ ಆ ದೇಶಕ್ಕೂ ನಮ್ಮ ದೇಶಕ್ಕೂ ಯುದ್ಧ.

"ಬೆಳ್ಯಪ್ಪ, ನಿಮ್ಮ ಆ ಪೈಲಟ್ ಗೆಳೆಯ ಬೆನ್ನಟ್ಟಿದರೆ ಯಾವ ಕಡೆ ತಿರುಗ್ತಾನೆ ಹೇಳ್ರೀ," ಎಂದರು ನನ್ನ ಮೇಲಧಿಕಾರಿ.

"ನೆನಪಿಲ್ಲ ಸರ್."

"ಅವನ ಮನೇಲಿ ಉಂಡಿದ್ದು ನೆನಪಿದೆ, ಇದು ನೆನಪಿಲ್ವಾ? ನೀವು ಯಾರ ಕಡೆಯವರು ರೀ?"

ಅವರು ಶತ್ರುಗಳ ರೇಡಿಯೊ ಮಾತಿನ ಧ್ವನಿಮುದ್ರಣ ಹಾಕಿದರು. ಅದೇ ಗೆಳೆಯನ ದನಿ ತನ್ನ ಹುಡುಗರಿಗೆ ಹೇಳುತ್ತಿತ್ತು: "ಬೆಳ್ಯಪ್ಪ ಎದುರಾದರೆ ಬಿಡಬೇಡಿ. ಅವನು ಯಾವಾಗಲೂ ಎಡಕ್ಕೇ ತಿರುಗೋದು."

"ಕೇಳಿಸಿಕೊಂಡ್ರಾ ನಿಮ್ಮ ದೋಸ್ತು ಹೇಳಿದ್ದು? ಇಂಥವನಿಗೋಸ್ಕರ ಕೋರ್ಟ್ ಮಾರ್ಷಲ್ ಆಗ್ತೀರಾ?"

"ಅವನೂ ಎಡಕ್ಕೇ ಸರ್," ಎಂದೆ.

ನಾವಿಬ್ಬರೂ ತಿರುಗುತ್ತಿದ್ದದ್ದು ಬಲಕ್ಕೆ. ಕೊಟ್ಟ ಮಾತನ್ನು ಇಬ್ಬರೂ ಉಳಿಸಿಕೊಂಡೆವು.